ಬಿರಿಯದ ಮೊಗ್ಗಿನ ಬಟ್ಟಲು

ಗೋಣಿಚೀಲದ ಬಾಯಿ ಬಿಚ್ಚಿದಾಗ ನೆಲಕ್ಕೆ ಉರುಳಿದ್ದು ಕುಂಬಳಕಾಯಿ ಗಾತ್ರದ ಒಂದು ಮರದ ಗಂಟು. ಮೈತುಂಬ ಗುಳ್ಳೆ, ಸಂದುಗಳಲ್ಲಿ ಒಣಗಿದ ಪಾಚಿ, ಒಂದು ಬದಿಯಲ್ಲಿ ಕೊಡಲಿಯ ಹಸಿ ಗಾಯ. ನಮ್ಮೂರ ಬಡಗಿಯ ಮುಂದೆ ಇಟ್ಟಿದ್ದರೆ ಬಚ್ಚಲ ಒಲೆಗೆ ಹಾಕಿ ಎನ್ನುತ್ತಿದ್ದ. ಈ ಮುದುಕ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದ. ಒಮ್ಮೆ ಇತ್ತ, ಒಮ್ಮೆ ಅತ್ತ ತಿರುಗಿಸಿ ಬಹಳ ಹೊತ್ತು ನೋಡಿದ. ಆಮೇಲೆ ತನಗೆ ಬರುತ್ತಿದ್ದ ಮುರುಕು ಹಿಂದಿಯಲ್ಲಿ ಹೇಳಿದ: "ಇದರೊಳಗೆ ಮೂರು ಬಟ್ಟಲಿವೆ. ನಾಲ್ಕನೆಯದಕ್ಕೆ ಆಸೆಪಟ್ಟರೆ ಮೂರೂ ಹೋಗುತ್ತವೆ."

ಭೂತಾನದ ಈಶಾನ್ಯ ಮೂಲೆಯ ಟ್ರಾಶಿ ಯಾಂಗ್‌ತ್ಸೆ ಅದು. ಗುವಾಹಟಿಯಿಂದ ಸಮದ್ರುಪ್ ಜೊಂಖಾರ್ ಗಡಿ ದಾಟಿ, ಟ್ರಾಶಿಗಾಂಗ್‌ವರೆಗೆ 180 ಕಿಲೋಮೀಟರ್ ತಿರುವು ರಸ್ತೆ. ಅಲ್ಲಿಂದ ಕಣಿವೆಗಿಳಿದು ಕುಲೊಂಗ್ ಚು ನದಿಯ ಜೊತೆಜೊತೆಗೇ ಮತ್ತೆ ಮೇಲಕ್ಕೆ. ಪಶ್ಚಿಮ ಭೂತಾನದ ಪಾರೋ, ಥಿಂಫುಗಳಿಗೆ ಬರುವ ಪ್ರವಾಸಿಗರಲ್ಲಿ ಇಷ್ಟು ದೂರ ಬರುವವರು ಕಡಿಮೆ. ನಾನು ಬಂದದ್ದು ಬಟ್ಟಲಿಗಾಗಿ.

ಆ ಆಸೆ ಹುಟ್ಟಿದ್ದು ಬೈಲಕುಪ್ಪೆಯಲ್ಲಿ. 1960ರ ದಶಕದಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರಲ್ಲಿ ಒಬ್ಬ ಹಿರಿಯರು, ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂದಾಗ, ತಾವು ಮಾತ್ರ ಎದೆಯ ಮಡಿಕೆಯಿಂದ ಒಂದು ಮರದ ಬಟ್ಟಲು ತೆಗೆದು ಮುಂದೆ ಹಿಡಿದರು. ಕುಡಿದಾದ ಮೇಲೆ ಬೆರಳಿನಿಂದ ಒರೆಸಿ ಮತ್ತೆ ಎದೆಗೇ ಸೇರಿಸಿದರು. ಅಷ್ಟರೊಳಗೆ ನನಗೆ ಕಂಡದ್ದು ಅದರ ಮೈ: ಜೇನಿನ ಬಣ್ಣದೊಳಗೆ ನೂರಾರು ಪುಟ್ಟ ಕಣ್ಣುಗಳು, ಒಂದೊಂದರ ಸುತ್ತಲೂ ನೀರಿಗೆ ಕಲ್ಲೆಸೆದಂತೆ ಉಂಗುರಗಳು. ಯಾರೋ ಬರೆದ ಚಿತ್ತಾರ ಎಂದುಕೊಂಡಿದ್ದೆ. "ಮರದ್ದೇ" ಎಂದರು ಅವರು.

ಮರಕ್ಕೆ ಏಟು ಬೀಳುತ್ತದೆ, ಶಿಲೀಂಧ್ರ ತಗಲುತ್ತದೆ, ಹುಳು ಕೊರೆಯುತ್ತದೆ, ಇಲ್ಲವೇ ಬಂದಳಿಕೆ ಬಂದು ಕೂರುತ್ತದೆ. ಆ ಜಾಗದಲ್ಲಿ ಮರ ಅಳತೆ ತಪ್ಪಿ ಬೆಳೆಯತೊಡಗುತ್ತದೆ. ತೊಗಟೆಯಡಿ ನಿದ್ರಿಸುತ್ತಿದ್ದ ಮೊಗ್ಗುಗಳು ಗುಂಪುಗುಂಪಾಗಿ ಎದ್ದು, ಕೊಂಬೆಯಾಗಲು ಹೊರಟು, ಆಗಲಾರದೆ ಅಲ್ಲಲ್ಲೇ ನಿಲ್ಲುತ್ತವೆ. ಅವುಗಳ ಸುತ್ತ ಮರದ ಎಳೆ ದಾರಿ ಬದಲಿಸುತ್ತ, ಸುತ್ತುತ್ತ, ಒಂದರೊಳಗೊಂದು ಹೆಣೆದುಕೊಳ್ಳುತ್ತ ವರ್ಷಗಟ್ಟಲೆ ಉಬ್ಬುತ್ತ ಹೋಗುತ್ತದೆ. ನಾನು ಕಣ್ಣು ಎಂದುಕೊಂಡದ್ದು ಹಾಗೆ ನಿಂತುಹೋದ ಮೊಗ್ಗು. ಕನ್ನಡದಲ್ಲಿ ನಾವು ಕೊಂಬೆಯ ಬುಡ ಹಲಗೆಯಲ್ಲಿ ಉಳಿಸುವ ಗುರುತಿಗೂ ಗಂಟು ಎನ್ನುತ್ತೇವೆ, ಈ ಉಬ್ಬಿಗೂ ಗಂಟು ಎನ್ನುತ್ತೇವೆ. ಇದಕ್ಕೇ ಒಂದು ಮಾತು ಬೇಕಿತ್ತು ಎಂದು ಆ ಮುದುಕನ ಅಂಗಡಿಯಲ್ಲಿ ಕೂತು ನನಗೆ ಅನ್ನಿಸಿತು.

ಎಳೆ ಹೀಗೆ ಹೆಣೆದುಕೊಂಡಿರುವುದು ಅಂದಕ್ಕಷ್ಟೇ ಅಲ್ಲ, ಬಾಳಿಕೆಗೂ ಒಳ್ಳೆಯದು. ನೇರ ಎಳೆಯ ಮರದಲ್ಲಿ ಸೀಳು ಹುಟ್ಟಿದರೆ ಎಳೆಗುಂಟ ಓಡಿಬಿಡುತ್ತದೆ. ಗಂಟಿನಲ್ಲಿ ಅದಕ್ಕೆ ಓಡಲು ದಾರಿಯಿಲ್ಲ. ಅದಕ್ಕೇ ಗೋಡೆಯನ್ನು ಬಹಳ ತೆಳುವಾಗಿ ಕಡೆದರೂ ಬಿಸಿ ಚಹಾ ತಾಳುತ್ತದೆ.

ಮರ ಕಡೆಯುವ ವಿದ್ಯೆಗೆ ಇಲ್ಲಿ ಶಗ್‌ಜೊ ಎನ್ನುತ್ತಾರೆ, ಕಡೆಯುವವನು ಶಗ್‌ಜೊಪ. ಭೂತಾನ ತನ್ನದೆಂದು ಎಣಿಸುವ 13 ಕುಶಲಕಲೆಗಳಲ್ಲಿ, ಅಂದರೆ ಜೊರಿಗ್ ಚುಸುಮ್‌ನಲ್ಲಿ, ಇದೂ ಒಂದು. ಈ ಊರಿನಲ್ಲೇ ಸರ್ಕಾರ 1997ರಲ್ಲಿ ಅದನ್ನು ಕಲಿಸುವ ಶಾಲೆ ತೆರೆದಿದೆ. ಮನೆಗಳಲ್ಲಿ ಈಗ ವಿದ್ಯುತ್ ಲೇತ್ ಬಂದಿದೆ. ಮುದುಕ ಮಾತ್ರ ಹಳೆಯದನ್ನು ಮೂಲೆಯಲ್ಲಿ ಉಳಿಸಿಕೊಂಡಿದ್ದ, ನನಗಾಗಿ ಅದರ ಮೇಲೆ ಕೂತು ತುಳಿದೂ ತೋರಿಸಿದ. ಕದಿರಿಗೆ ಪಟ್ಟಿ ಸುತ್ತಿದೆ, ಪಟ್ಟಿಯ ಎರಡು ತುದಿಗೆ ಎರಡು ತುಳಿಹಲಗೆ. ಬಲಗಾಲು ಒತ್ತಿದರೆ ಮರ ಮುಂದಕ್ಕೆ ಸುತ್ತುತ್ತದೆ, ಎಡಗಾಲು ಒತ್ತಿದರೆ ಹಿಂದಕ್ಕೆ. ಮುಂದಕ್ಕೆ ಸುತ್ತುವಾಗ ಮಾತ್ರ ಕೊಕ್ಕೆಯುಳಿ ಕಚ್ಚುತ್ತದೆ. ಹಿಂದಕ್ಕೆ ಬರುವಾಗ ಕೈ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಚರ್ ಎಂದು ಒಂದು ಉಸಿರು, ಮೌನದ ಒಂದು ಉಸಿರು. ಆ ಮೌನದಲ್ಲಿ ಆತ ಮರವನ್ನು ನೋಡುತ್ತಿದ್ದ. ವಿದ್ಯುತ್ ಲೇತ್‌ನಲ್ಲಿ ಕೆಲಸ ಬೇಗ ಆಗುತ್ತದೆ, ನೋಡಲು ಪುರುಸೊತ್ತು ಸಿಗುವುದಿಲ್ಲ ಎಂದ.

ಚನ್ನಪಟ್ಟಣದ ಲೇತ್‌ಗಳ ಮುಂದೆ ನಾನು ಎಷ್ಟೋ ಸಲ ನಿಂತಿದ್ದೇನೆ. ಅಲ್ಲಿ ಹಾಲೆಮರ ಬೆಳ್ಳಗೆ, ಮೆತ್ತಗೆ, ಎಳೆ ಗೊತ್ತೇ ಆಗದಷ್ಟು ನಯ. ಅದರ ಮೇಲೆ ಅರಗಿನ ಕಡ್ಡಿ ಒತ್ತಿ, ಕೇದಗೆಯ ಎಲೆ ಹಿಡಿದು ಹೊಳಪು ತರುತ್ತಾರೆ. ಮರ ಸುಮ್ಮನಿರುತ್ತದೆ, ಬಣ್ಣ ಮಾತಾಡುತ್ತದೆ. ಇಲ್ಲಿ ಮಾತೆಲ್ಲ ಮರದ್ದು. ಉಳಿ ಒಂದು ಸುತ್ತು ಹೆಚ್ಚು ಓಡಿದರೂ ಒಂದು ಸಾಲು ಕಣ್ಣು ಮಾಯವಾಗಿ ಬೇರೆ ಸಾಲು ಮೂಡುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ ಇವರ ಕಲೆಯೆಲ್ಲ ಇದೆ ಎಂದು ನಾನು ನಂಬುತ್ತೇನೆ. ಆ ಮುದುಕ ನಾಲ್ಕು ಸಲ ಉಳಿ ಕೆಳಗಿಟ್ಟದ್ದನ್ನು ನೋಡಿದೆ. ಪ್ರತಿ ಸಲವೂ ಬಟ್ಟಲನ್ನು ಒದ್ದೆ ಬೆರಳಿನಿಂದ ಸವರಿ, ಒಳಗಿನ ಚಿತ್ತಾರ ಎದ್ದು ಕಂಡ ಮೇಲೆಯೇ ಮತ್ತೆ ತುಳಿದ.

ಲೇತ್‌ಗೆ ಬರುವ ಮೊದಲು ಗಂಟು ತಿಂಗಳುಗಟ್ಟಲೆ ಕಾಯಬೇಕು. ಬಾಚಿಯಿಂದ ಒರಟಾಗಿ ಬಟ್ಟಲಿನ ಆಕಾರಕ್ಕೆ ಕೆತ್ತಿ, ಗೋಡೆ ದಪ್ಪವಾಗಿಯೇ ಬಿಟ್ಟು, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿರುತ್ತಾರೆ. ಒಣಗುವಾಗ ಮರ ಕುಗ್ಗುತ್ತದೆ, ಎಳೆ ಸುತ್ತಿದ ಕಡೆಗೆಲ್ಲ ಸೊಟ್ಟಗಾಗುತ್ತದೆ. ಸೊಟ್ಟಗಾಗುವುದೆಲ್ಲ ಮುಗಿದ ಮೇಲೆಯೇ ಕೊನೆಯ ಕಡೆತ.

ಕುಗ್ಗುವುದರ ಬಗ್ಗೆ ಈ ಊರಿಗೆ ತನ್ನದೇ ಒಂದು ಕಥೆಯಿದೆ. ನದಿಯ ದಡದಲ್ಲಿ ಚೋರ್ಟೆನ್ ಕೋರಾ ಎಂಬ ಬಿಳಿಯ ದೊಡ್ಡ ಸ್ತೂಪ ನಿಂತಿದೆ. 1740ರಲ್ಲಿ ಲಾಮಾ ಙವಾಂಗ್ ಲೋಡೆ ಅದನ್ನು ಕಟ್ಟಿಸಿದರು, ಮಾದರಿ ನೇಪಾಳದ ಬೌದ್ಧನಾಥ ಸ್ತೂಪ. ಅದರ ಪ್ರತಿಕೃತಿಯನ್ನು ಅವರು ಮೂಲಂಗಿಯಲ್ಲಿ ಕೆತ್ತಿಕೊಂಡು ಬಂದರಂತೆ. ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಮೂಲಂಗಿ ಬಾಡಿ ಕುಗ್ಗಿತು, ಅದಕ್ಕೇ ಇದು ಬೌದ್ಧನಾಥದ ಹಾಗೆ ಆಗಲಿಲ್ಲ ಎನ್ನುತ್ತಾರೆ. ಈ ಕಥೆಯನ್ನು ನನಗೆ ಮುದುಕನೇ ಹೇಳಿದ. ಹೇಳಿ, ಅಟ್ಟದಲ್ಲಿ ಒಣಗುತ್ತಿದ್ದ ಬಟ್ಟಲುಗಳತ್ತ ಕೈ ತೋರಿಸಿದ.

ಕಡೆದ ಬಟ್ಟಲಿಗೆ ಕೊನೆಯಲ್ಲಿ ಮೆರುಗು. ಸೆ ಎಂಬ ಮರದ ರಸವನ್ನು ತೆಳುವಾಗಿ ಹಚ್ಚಿ, ಒಣಗಿಸಿ, ಮತ್ತೆ ಮತ್ತೆ ಹಚ್ಚುತ್ತಾರೆ. ಆ ರಸ ಕೆಲವರ ಮೈಗೆ ಆಗುವುದಿಲ್ಲ, ತಾಗಿದರೆ ಮುಖವೆಲ್ಲ ಬಾತುಕೊಳ್ಳುತ್ತದೆ. ನಮ್ಮಲ್ಲಿ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರುಕಾಯಿಯ ಕುಲದ್ದೇ ಈ ಮರ. ಆತನ ಸೊಸೆ ಆ ಕೆಲಸ ನಡೆಯುವಾಗ ಮನೆಯೊಳಗೇ ಬರುವುದಿಲ್ಲವಂತೆ.

ಒಳ್ಳೆಯ ಗಂಟಿನ ಬಟ್ಟಲಿಗೆ ವಿಷ ಬಿದ್ದರೆ ಒಳಗಿರುವುದು ಉಕ್ಕಿ ಎಚ್ಚರಿಸುತ್ತದೆ ಎಂಬ ನಂಬಿಕೆ ಹಿಮಾಲಯದ ಈ ಸೀಮೆಯಲ್ಲಿ ಹಳೆಯದು. ಪೂರ್ವ ಭೂತಾನದ ಹಳ್ಳಿಗಳಲ್ಲಿ ಅತಿಥಿಗೆ ವಿಷವಿಡುವವರ ಕಥೆಗಳು ಇಂದಿಗೂ ಕೇಳಸಿಗುತ್ತವೆ. ತನ್ನ ಬಟ್ಟಲನ್ನು ತಾನೇ ಘೋ ಉಡುಪಿನ ಎದೆಮಡಿಕೆಯಲ್ಲಿ ಹೊತ್ತು ತಿರುಗುವ ರೂಢಿಗೆ ಈ ಭಯವೂ ಇಂಬು ಕೊಟ್ಟಿರಬೇಕು ಎಂದು ನನ್ನ ಊಹೆ. ಸಾದಾ ಮರದ ಬಟ್ಟಲು ಕೆಲವು ನೂರಕ್ಕೇ ಸಿಗುತ್ತದೆ. ಕಣ್ಣು ದಟ್ಟವಾಗಿದ್ದರೆ ಬೆಲೆ ಸಾವಿರಗಳಿಗೆ ಏರಿ, ಅಪರೂಪದ್ದು ಲಕ್ಷ ಮುಟ್ಟುತ್ತದೆ. ದೇಶದ ನೆಲದಲ್ಲಿ ಕನಿಷ್ಠ ಶೇಕಡಾ 60 ಎಂದೆಂದಿಗೂ ಕಾಡಾಗಿಯೇ ಇರಬೇಕೆಂದು ಭೂತಾನದ 2008ರ ಸಂವಿಧಾನವೇ ಹೇಳುತ್ತದೆ. ಆದರೂ ಇಂಥ ಗಂಟು ಹುಡುಕಲು ಈಗ ದಿನಗಟ್ಟಲೆ ನಡೆಯಬೇಕು. ಬೇಕೆಂದು ಬೆಳೆಸಲು ಬರುವುದಿಲ್ಲ. ಸಿಕ್ಕಿದ್ದನ್ನು ಮರ ಕೆಡವದೆ ಬಿಡಿಸಿಕೊಳ್ಳುವವನೇ ಒಳ್ಳೆಯ ಹುಡುಕುಗಾರ ಎಂದ ಮುದುಕ. ಆ ಮಾತು ಹೇಳುವಾಗ ಆತನ ದನಿ ಬಿಗಿಯಾಗಿತ್ತು.

ನನ್ನ ಕೈಗೆಟುಕಿದ್ದು ಅಂಗೈಯಗಲದ ಒಂದು ಬಟ್ಟಲು. ಒಂದು ಬದಿಯಲ್ಲಷ್ಟೇ ಹನ್ನೊಂದು ಕಣ್ಣು. "ಗಾಜಿನ ಕಪಾಟಿನಲ್ಲಿ ಇಡಬೇಡಿ. ದಿನಾ ಕುಡಿಯಿರಿ, ಕೈಯಿಂದಲೇ ಒರೆಸಿ" ಎಂದು ಆತ ಅದನ್ನು ತನ್ನ ಘೋದ ತುದಿಯಿಂದ ಒಮ್ಮೆ ತಿಕ್ಕಿ ಕೊಟ್ಟ.

ಅಂದು ಭೂತಾನದ ಮೊದಲ ತಿಂಗಳ ಹುಣ್ಣಿಮೆ. ಚೋರ್ಟೆನ್ ಕೋರಾದೊಳಗೆ, ಕಥೆಯ ಪ್ರಕಾರ, ತವಾಂಗ್ ಕಡೆಯಿಂದ ಬಂದ ಹುಡುಗಿಯೊಬ್ಬಳು ತನ್ನನ್ನೇ ಒಪ್ಪಿಸಿಕೊಂಡು ಸಮಾಧಿಯಾಗಿದ್ದಾಳೆ. ಆದ್ದರಿಂದ ಆ ದಿನ ಅರುಣಾಚಲದ ದಕ್ಪ ಜನ ಗಡಿ ದಾಟಿ ಬಂದು ಅವಳಿಗಾಗಿ ಸ್ತೂಪಕ್ಕೆ ಸುತ್ತು ಹಾಕುತ್ತಾರೆ. ಸಂಜೆ ನಾನೂ ಅವರ ಜೊತೆ ಸುತ್ತಿ ದಣಿದು ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲಿದ್ದ ಅಜ್ಜಿ ಎದೆಯಿಂದ ತನ್ನ ಬಟ್ಟಲು ತೆಗೆದಳು. ಅಂಚಿನಲ್ಲಿ ಬೆಳ್ಳಿ ಕಟ್ಟಿದ ಹಳೆಯ ಬಿರುಕು, ಮೈಯೆಲ್ಲ ಬೆಣ್ಣೆ ಕುಡಿದು ಕಪ್ಪಾಗಿದೆ. ಅತ್ತೆಯದಂತೆ. ನನ್ನದನ್ನು ಕೇಳಿ ಇಸಿದುಕೊಂಡು, ತಿರುಗಿಸಿ, ಕಣ್ಣುಗಳನ್ನು ಉಗುರಿನಿಂದ ಮುಟ್ಟಿ ಮುಟ್ಟಿ ಎಣಿಸಿದಳು. ಆಮೇಲೆ ಫ್ಲಾಸ್ಕ್ ಬಗ್ಗಿಸಿ ಅದರ ತುಂಬ ಸುಜಾ ಚಹಾ ಸುರಿದಳು. ಬೆಣ್ಣೆ, ಉಪ್ಪು, ಸೌದೆಹೊಗೆಯ ವಾಸನೆ. ತುಟಿಗೆ ಚಹಾ ಚುರುಕ್ಕೆಂದಿತು. ಹೊರಗೆ, ಹನ್ನೊಂದು ಕಣ್ಣುಗಳ ಕೆಳಗಿದ್ದ ನನ್ನ ಬೆರಳುಗಳಿಗೆ ಬರೀ ಬೆಚ್ಚಗೆ.