ಶೃಂಗೇರಿಯ ಸೀಮೆಯಲ್ಲಿ ಬಟ್ಟೆಯ ಪುಸ್ತಕ

ಕಡತವೆಂದೊಡನೆ ಈಗ ನಮಗೆ ನೆನಪಾಗುವುದು ಕಚೇರಿ. ದಾರದಿಂದ ಬಿಗಿದ ಕಾಗದದ ಕಟ್ಟು, ಮೇಜಿನಿಂದ ಮೇಜಿಗೆ ಸಾಗುವ ಅದರ ಮಂದಗಮನ, ಇವೇ ಆ ಮಾತಿನ ಅರ್ಥವೆಂದು ಬಹುಮಂದಿ ತಿಳಿದಿದ್ದಾರೆ. ಆದರೆ ಆ ಹೆಸರಿಗೆ ಮೊದಲ ಹಕ್ಕುದಾರ ಕಾಗದವಲ್ಲ, ಬಟ್ಟೆ. ನೂಲಿನ ಬಟ್ಟೆ, ಹುಣಸೆಯ ಬೀಜ, ಇದ್ದಿಲು, ಈ ಮೂರರಿಂದ ಕೈಯಲ್ಲಿಯೇ ಸಿದ್ಧವಾಗುತ್ತಿದ್ದ ಆ ಪುಸ್ತಕವನ್ನು ಕಣ್ಣಾರೆ ಕಾಣಬೇಕೆಂದು ನಾವು ತೀರ್ಥಹಳ್ಳಿಯ ಮಾರ್ಗವಾಗಿ ಶೃಂಗೇರಿಯ ಸೀಮೆಗೆ ಹೊರಟೆವು.

ಶೃಂಗೇರಿಯನ್ನು ಆರಿಸಿದುದಕ್ಕೆ ಕಾರಣವುಂಟು. ಇಲ್ಲಿಯ ಮಠವು ತನ್ನ ಆಯವ್ಯಯ, ಭೂಮಿಕಾಣಿ, ಪತ್ರವ್ಯವಹಾರ ಮೊದಲಾದುವನ್ನು ಕಡತಗಳಲ್ಲಿ ಬರೆಯಿಸಿ ಕಾಪಾಡಿಕೊಂಡು ಬಂದಿದೆ; ವಿದ್ವಾಂಸರು ಅವನ್ನು ಓದಿ ಅಚ್ಚುಮಾಡಿಸಿದ್ದಾರೆ. ತುಂಗೆಯಲ್ಲಿ ಮಿಂದು ಶಾರದೆಯ ಸನ್ನಿಧಿಗೆ ಹೋದಾಗ, ಅಕ್ಷರಾಭ್ಯಾಸಕ್ಕೆಂದು ಬಂದಿದ್ದ ಮಕ್ಕಳ ಕೈಯಲ್ಲಿ ಸ್ಲೇಟು, ಬಳಪಗಳನ್ನು ಕಂಡೆವು. ಕಡತದ ಲೇಖನಿಯೂ ಇದೇ ಬಳಪವೇ. ಮಕ್ಕಳಿಗೆ ಸ್ಲೇಟು ಹೇಗೋ ಹಿರಿಯರಿಗೆ ಕಡತ ಹಾಗೆ. ಕರಿಯ ಮೈಯ ಮೇಲೆ ಬಿಳಿಯ ಅಕ್ಷರ. ಬೇಲೂರು ಹಳೆಯಬೀಡುಗಳ ಶಿಲ್ಪಿಗಳಿಗೆ ಒಲಿದ ಮೃದುವಾದ ಬಳಪದ ಕಲ್ಲು ಮಲೆನಾಡಿನ ಲೆಕ್ಕಿಗರಿಗೂ ಹೀಗೆ ಒದಗಿತು.

ಮರುದಿನ, ಅಡಕೆಯ ತೋಟದ ನಡುವಣ ಹಳೆಯ ಮನೆಯೊಂದರಲ್ಲಿ, ಹಿರಿಯರೊಬ್ಬರು ತಮ್ಮ ಮನೆತನದ ಕಡತವನ್ನು ತಂದು ನಮ್ಮ ಮುಂದಿಟ್ಟರು. ಸೀರೆಯ ನೆರಿಗೆಯಂತೆ ಹಿಂದುಮುಂದಾಗಿ ಮಡಿಸಿದ ಒಂದೇ ಉದ್ದವಾದ ಬಟ್ಟೆ. ಎರಡು ಕೊನೆಗಳಿಗೂ ಮರದ ಹಲಗೆ. ಎಡದಿಂದಲೂ ತೆರೆಯಬಹುದು, ಬಲದಿಂದಲೂ ತೆರೆಯಬಹುದು. 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಮಾರ್ಕ್ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿಯು ಇದರ ಅಳತೆಯನ್ನು ಕೊಟ್ಟಿದ್ದಾನೆ: ಅಗಲ 8ರಿಂದ 12 ಅಂಗುಲ, ಉದ್ದ 12ರಿಂದ 18 ಅಡಿ. ಅನುಕೂಲಸ್ಥರ ಕಡತಗಳಿಗೆ ಬಣ್ಣದ ಹಲಗೆ, ರೇಷ್ಮೆಯ ಚೀಲ. ಬಡವರದಕ್ಕೆ ಒಂದು ದಾರವೇ ಸಾಕು.

ಇದನ್ನು ಮಾಡುವ ಬಗೆಯನ್ನು ಹಿರಿಯರು ವಿವರಿಸಿದರು. ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಯಿಟ್ಟು, ನುಣ್ಣಗೆ ರುಬ್ಬಿ, ಅಂಬಲಿಯ ಹದಕ್ಕೆ ಕುದಿಸಬೇಕು. ಚಳ್ಳಕೆರೆಯ ಕಡೆಯ ಕಂಬಳಿ ನೇಯುವವರು ಹಾಸುನೂಲಿಗೆ ಹಚ್ಚುವ ಸರಿಯೂ ಇಂತಹುದೇ. ವಸ್ತ್ರಗಾಳಿತ ಮಾಡಿದ ಇದ್ದಿಲ ಪುಡಿಯನ್ನು ಅದರಲ್ಲಿ ಕಲಸಿ, ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆಯ ಎರಡು ಮೈಗೂ ಬಳಿದು ಒಣಗಿಸಬೇಕು. ನೂಲಿನ ಸಂದುಗಳೆಲ್ಲ ತುಂಬಿ, ಬಳಪವು ತಡೆಯಿಲ್ಲದೆ ಜಾರುವಷ್ಟು ನಯವಾದ ಮೇಲೆ, ಕತ್ತರಿಸದೆ ಸಮನಾಗಿ ಮಡಿಸಿದರೆ ಪುಸ್ತಕ ಸಿದ್ಧ. ಬೇಡವಾದುದನ್ನು ಒರೆಸಿ ಮತ್ತೆ ಬರೆಯಲೂ ಬಹುದು.

ಒರೆಸಿದರೆ ಹೋಗುವ ಬರಹವನ್ನು ನಂಬುವುದೆಂತು? ಈ ಸಂಶಯ ಅರಸರಿಗೂ ಬಂದಿತ್ತು. ಸರ್ಕಾರದ ಲೆಕ್ಕಗಳಲ್ಲಿ ಕಡತವನ್ನು ಬಳಸಕೂಡದೆಂದು ಟಿಪ್ಪೂ ಸುಲ್ತಾನನು ನಿಷೇಧಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಆದರೂ ವರ್ತಕರು ಅದನ್ನು ಬಿಡಲಿಲ್ಲ. ಸಾಕ್ಷಿಗಳ ಸಹಿತ ವರ್ತಕನೊಬ್ಬನ ಕಡತದಲ್ಲಿ ಬರೆದಿದ್ದ ಸಾಲಪತ್ರವನ್ನು ವಿಚಾರಣೆಯಲ್ಲಿ ಪ್ರಮಾಣವಾಗಿ ಅಂಗೀಕರಿಸಿದುದನ್ನು ಆತನೇ ಕಂಡಿದ್ದನಂತೆ. ತಾಮ್ರ, ಶಿಲೆಗಳೆರಡನ್ನು ಬಿಟ್ಟರೆ ಈ ದೇಶದಲ್ಲಿ ಇದರಷ್ಟು ಬಾಳುವ ಬರಹದ ಸಾಧನ ಬೇರೊಂದಿಲ್ಲವೆಂಬುದು ಆತನ ಅಭಿಪ್ರಾಯ. ಇನ್ನೊಂದು ವಿಚಿತ್ರವನ್ನೂ ನೋಡಿರಿ. ಕಡತವನ್ನು ನಂಬದಿದ್ದ ಆ ಸುಲ್ತಾನನು ಗುರುಗಳಿಗೆ ಬರೆದ ಕನ್ನಡ ಪತ್ರಗಳು ಕಡತಗಳನ್ನು ಕಾಪಾಡಿದ ಈ ಮಠದಲ್ಲಿಯೇ ಉಳಿದಿದ್ದು, 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದುವು.

ನಾವು ನೋಡುತ್ತಿದ್ದ ಕಡತದ ನಡುವೆ ಎರಡು ಮಡಿಕೆಗಳು ಬರಿದಾಗಿದ್ದುವು. ಅಲ್ಲಿ ಏನೂ ಬರೆದಿರಲಿಲ್ಲವೆ ಎಂದು ಕೇಳಿದೆವು.

“ಬರೆದಿತ್ತು ಸ್ವಾಮಿ,” ಎಂದರು ಹಿರಿಯರು. “ನಮ್ಮ ಅಜ್ಜಿ ಒಂದು ಹಬ್ಬದ ದಿನ ಅಟ್ಟ ಗುಡಿಸುವಾಗ ಧೂಳಾಗಿದೆಯೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದರಂತೆ. ಅವರದು ತಪ್ಪೆನ್ನುವುದು ಹೇಗೆ? ಒರೆಸುವುದಕ್ಕೆಂದೇ ಮಾಡಿದ ಪುಸ್ತಕ! ಆದರೆ ಆ ಎರಡು ಮಡಿಕೆಗಳಲ್ಲಿ ಯಾರ ಹೆಸರಿತ್ತೋ, ಯಾವ ಗದ್ದೆಯ ಮಾತಿತ್ತೋ, ಇನ್ನು ಹೇಳುವವರಿಲ್ಲ.”

ಈ ಮಾತು ನಮ್ಮ ಮನಸ್ಸನ್ನು ಬಹಳವಾಗಿ ನಾಟಿತು. ತಾಮ್ರಶಾಸನವನ್ನು ಕಾಯುವುದಕ್ಕೆ ತಾಮ್ರದ ಗಟ್ಟಿತನವೇ ಸಾಕು. ಕಡತವನ್ನು ಕಾಯುವುದಕ್ಕೆ ತಲೆತಲಾಂತರಕ್ಕೂ ಎಚ್ಚರವುಳ್ಳ ಕೈಗಳು ಬೇಕು. ಇನ್ನೂರು ವರ್ಷ ಉಳಿದ ಪ್ರತಿಯೊಂದು ಸಾಲೂ, ಒರೆಸಬಹುದಾಗಿದ್ದರೂ ಒರೆಸದೆ ಬಿಟ್ಟವರ ಪ್ರಾಮಾಣಿಕತೆಗೆ ಸಾಕ್ಷಿ.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ನಿಮ್ಮ ಮನೆಯ ಅಟ್ಟದಲ್ಲಿಯೋ ಹಳೆಯ ಪೆಟ್ಟಿಗೆಯಲ್ಲಿಯೋ ಕರಿಯ ಬಟ್ಟೆಯ ಮಡಿಕೆಯೊಂದು ಸಿಕ್ಕಿದರೆ ಅದನ್ನು ಚಿಂದಿಯೆಂದು ಬಿಸಾಡದಿರಿ. ಶುಚಿಮಾಡುವ ಉತ್ಸಾಹದಿಂದ ಒರೆಸಲೂ ಬೇಡಿರಿ. ಅಂಟಿಕೊಂಡ ಮಡಿಕೆಗಳನ್ನು ಬಲವಂತದಿಂದ ಬಿಡಿಸದೆ, ಮಳೆಯ ತೇವ ತಾಕದೆಡೆಯಲ್ಲಿಟ್ಟು, ತೆರೆದ ಮಡಿಕೆಗಳ ಛಾಯಾಚಿತ್ರವನ್ನು ತೆಗೆಯಿಸಿ, ಹಳಗಾಲದ ಬರವಣಿಗೆಯನ್ನು ಓದಬಲ್ಲವರಿಗೆ ತೋರಿಸಿರಿ. ನಿಮ್ಮ ಮನೆತನದ ಹೆಸರು ಅದರಲ್ಲಿ ಬಿಳಿಯ ಅಕ್ಷರಗಳಲ್ಲಿ ಇನ್ನೂ ಉಳಿದಿರಬಹುದು.