ಬೆರಳೆತ್ತಿದರೂ ನಿಲ್ಲದ ಓಟ

ಟೋಕಿಯೋದ ನಿಶಿಕಸಾಯಿಯಲ್ಲಿ ಮನೆ ಮಾಡಿರುವ ನಮ್ಮೂರ ಕಡೆಯ ಐಟಿ ಮಂದಿಗೆ ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರಿಗೆ ಕ್ರಿಕೆಟ್, ಕೆಲವರಿಗೆ ಬೆಂಗಳೂರಿನ ಸೈಟು. ನನ್ನದು ಹಳೇ ಸಾಮಾನಿನ ಅಂಗಡಿ. ಅಲ್ಲಿ ‘ಜಂಕ್’ ಎಂದು ಚೀಟಿ ಅಂಟಿಸಿದ ಮೂಲೆಯೊಂದಿರುತ್ತದೆ. ಅಲ್ಲಿ ಕೊಂಡದ್ದು ಕೆಟ್ಟಿದ್ದರೆ ಯಾರನ್ನೂ ಕೇಳುವ ಹಾಗಿಲ್ಲ. ಫುಜಿತ್ಸು ಎಫ್‌ಎಂ-7 ಸಿಕ್ಕಿದ್ದು ಅಲ್ಲೇ. ಹಳದಿಗಟ್ಟಿದ ಮೈ, ಕೀಲಿಮಣೆಯೂ ಕಂಪ್ಯೂಟರೂ ಒಂದೇ ಪೆಟ್ಟಿಗೆ. “ಇದನ್ನ ಎಲ್ಲಿಡ್ತೀರಿ?” ಎಂದಳು ಹೆಂಡತಿ. ಯಾಕೆ ತಂದಿರಿ ಎಂದು ಕೇಳುವುದನ್ನು ಅವಳು ಬಿಟ್ಟು ಕಾಲವಾಯಿತು.

ಇದು ಅಗ್ಗದ ಮಾದರಿ. ಇದರಣ್ಣ ಎಫ್‌ಎಂ-8 ಬಂದದ್ದು 1981ರಲ್ಲಿ, 2,18,000 ಯೆನ್‌ಗೆ. ಮುಂದಿನ ಕಾಲವೆಲ್ಲ ಇದರದೇ ಎಂದು ಆಗ ನಂಬಿದ್ದ ಬಬಲ್ ಮೆಮೊರಿಗೆ ಅದರಲ್ಲಿ ಜಾಗ ಬಿಟ್ಟಿದ್ದರು. ಮರುವರ್ಷ ನವೆಂಬರಿನಲ್ಲಿ ತಮ್ಮ ಬಂದ, 1,26,000 ಯೆನ್‌ಗೆ. ಬಬಲ್ ಮೆಮೊರಿಗೆ ಕೊಕ್ ಕೊಟ್ಟರು. ಅಣ್ಣನಿಗಿಲ್ಲದ ಮೂರು ಸ್ವರದ ಸಂಗೀತದ ಚಿಪ್ ಸೇರಿಸಿದರು. ಜಾಹೀರಾತಿಗೆ ಟಿವಿಯ ಹಾಸ್ಯಗಾರ ಟಮೋರಿ.

ನನಗೆ ಇಷ್ಟವಾದದ್ದು ಅವರು ಕೈ ಹಚ್ಚದೆ ಉಳಿಸಿದ್ದು. ಒಳಗೆ 6809 ಪ್ರೊಸೆಸರ್‌ಗಳು ಎರಡು: ಒಂದು ಪ್ರೋಗ್ರಾಮ್ ನಡೆಸುತ್ತದೆ, ಇನ್ನೊಂದು ತೆರೆಯ ಮೇಲೆ ಚಿತ್ರ ಬಿಡಿಸುತ್ತದೆ. 640×200 ಚುಕ್ಕಿ, 8 ಬಣ್ಣ. ಖರ್ಚು ಇಳಿಸಲು ಕೂತವರ ಕಣ್ಣು ಮೊದಲು ಬೀಳುವುದೇ ಇಂಥ ‘ಎರಡ’ರ ಮೇಲೆ. ಅವರು ಬಿಟ್ಟುಕೊಡಲಿಲ್ಲ. ಎರಡೂ ಮಾತಾಡಿಕೊಳ್ಳಲು ಇರುವ ಜಾಗ ಬರೀ 128 ಬೈಟ್, ಹೋಟೆಲಿನ ಅಡುಗೆಮನೆಗೂ ಸಪ್ಲೈಯರ್‌ಗೂ ನಡುವಿನ ಕಿಂಡಿಯ ಹಾಗೆ. ಈ ಕಡೆಯವನು ಚೀಟಿ ಇಡುವಾಗ ಆ ಕಡೆಯವನು ಸೌಟು ಕೆಳಗಿಟ್ಟು ಕಾಯಬೇಕು.

ಕತ್ತರಿ ಬಿದ್ದದ್ದು ಬೇರೆ ಕಡೆ. ಉಚ್ಚಾರವನ್ನಷ್ಟೇ ಬರೆಯುವ ಕಟಕಾನಾ ಅಕ್ಷರ ಬರುತ್ತಿತ್ತು. ಜಪಾನಿ ಬರಹದ ಚಿತ್ರಾಕ್ಷರ ಕಾಂಜಿ ಬೇಕೆಂದರೆ ಅದರ ರೋಮ್ ಚಿಪ್ಪುಗಳ ಹಲಗೆಯನ್ನು ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಮೊದಲ ಹಂತದ 2,965 ಅಕ್ಷರ, ಒಂದೊಂದಕ್ಕೂ 16×16 ಚುಕ್ಕಿಯ ಚಿತ್ರ. ಜಪಾನಿನಲ್ಲೇ ಹುಟ್ಟಿದ ಯಂತ್ರಕ್ಕೆ ಜಪಾನಿನ ಅಕ್ಷರ ಐಚ್ಛಿಕ! ನಗುವ ಹಕ್ಕು ನನಗಿಲ್ಲ ಬಿಡಿ. ಬೆಂಗಳೂರಿನಲ್ಲಿ ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಪಿಸಿಯ ತೆರೆಗೆ ಕನ್ನಡ ತರಲು ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಸಿಕ್ಕಿಸುತ್ತಿದ್ದರು. ನಮ್ಮ ಕಚೇರಿಯಲ್ಲಿ ಆ ಕಾರ್ಡ್ ಇದ್ದ ಮಷೀನಿನ ಮುಂದೆ ಯಾವಾಗಲೂ ಯಾರಾದರೂ ಕಾದಿರುತ್ತಿದ್ದರು.

ಇನ್ನೊಂದು ಉಳಿತಾಯ ಕೀಲಿಮಣೆಯದು. ಕೀಲಿ ಒತ್ತಿದ್ದು ಎಫ್‌ಎಂ-7ಕ್ಕೆ ತಿಳಿಯುತ್ತದೆ, ಬಿಟ್ಟದ್ದು ತಿಳಿಯುವುದಿಲ್ಲ. ಬ್ರೇಕ್ ಕೀಲಿ ಒಂದಕ್ಕೆ ಮಾತ್ರ ಆ ಭಾಗ್ಯ. ಪತ್ರ ಬರೆಯುವವನಿಗೆ ಇದರಿಂದ ನಷ್ಟವಿಲ್ಲ. ಆಟದಲ್ಲಿ ಮಾತ್ರ ಪಜೀತಿ: 4 ಒತ್ತಿದರೆ ಗೊಂಬೆ ಎಡಕ್ಕೆ ಓಡುತ್ತದೆ, ಬೆರಳೆತ್ತಿದರೂ ಓಡುತ್ತಲೇ ಇರುತ್ತದೆ. ನಿಲ್ಲಿಸಲು 5 ಒತ್ತಬೇಕು. ಬೇರೆ ಕಂಪ್ಯೂಟರಿನಿಂದ ತಂದ ಆಟಗಳೂ ಇಲ್ಲಿ ಈ ಕ್ರಮಕ್ಕೆ ಒಗ್ಗಿಕೊಂಡವು.

ಇದನ್ನು ತೋರಿಸಿಕೊಟ್ಟವರು ಆಫೀಸಿನ ಹಿರಿಯರೊಬ್ಬರು. ಹೈಸ್ಕೂಲಿನಲ್ಲಿದ್ದಾಗ ಓದಿಗೆ ಬೇಕು ಎಂದು ಅಪ್ಪನನ್ನು ಒಪ್ಪಿಸಿ ಎಫ್‌ಎಂ-7 ಕೊಡಿಸಿಕೊಂಡಿದ್ದರಂತೆ. (ಈ ಸುಳ್ಳಿಗೆ ದೇಶವಿಲ್ಲ.) ‘ಮೈಕಾನ್ ಬೇಸಿಕ್ ಮ್ಯಾಗಜೀನ್’ನಲ್ಲಿ ಓದುಗರು ಬರೆದ ಪ್ರೋಗ್ರಾಮ್‌ಗಳನ್ನು ಸಾಲುಸಾಲಾಗಿ ಟೈಪು ಮಾಡುವುದೇ ಆ ಓದು. ನನ್ನ ಯಂತ್ರಕ್ಕೆ ಜೀವ ಬಂದಿದೆ ಎಂದು ಗೊತ್ತಾದದ್ದೇ, ಒಂದು ಶನಿವಾರ ಕ್ಯಾಸೆಟ್ ಹಿಡಿದು ಮನೆಗೆ ಬಂದರು. ಟೇಪು ಕಿರ್ರೆಂದು ಕಿರುಚಿ ಮುಗಿಯುವಷ್ಟರಲ್ಲಿ ಅವರ ಎಡಗೈ ತಾನಾಗಿ ತೊಡೆಯ ಮೇಲೆ, ಬಲಗೈ ಅಂಕಿಗಳ ಮೇಲೆ ಕೂತಿತ್ತು. 4, 5, 6, 5. ಕಣ್ಣು ಒಮ್ಮೆಯೂ ಕೀಲಿಮಣೆಗಿಳಿಯಲಿಲ್ಲ. ನನ್ನ ಸರದಿ ಕೇಳಿದರೆ, “ಇನ್ನೊಂದೇ ಸಲ.”

ಉಪ್ಪಿಟ್ಟು ಆರುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. “ಇವರಿಗೂ ಐದು ಒತ್ತಬೇಕೇನ್ರೀ?” ಎಂದಳು ಕನ್ನಡದಲ್ಲಿ. ಏನೆಂದರು ಎಂದು ಅವರು ನನ್ನತ್ತ ತಿರುಗಿದರು, ಗೊಂಬೆ ಗುಂಡಿಗೆ ಬಿತ್ತು, ನನಗೆ ಸರದಿ ಸಿಕ್ಕಿತು.