ನೀರು ಹೋಗುವ ದಾರಿ

ನಮ್ಮ ತೋಟದ ನಡುವೆ ಒಂದು ದೊಡ್ಡ ಬಸಿಗಾಲುವೆ ಇತ್ತು. ಅದನ್ನು ಮುಚ್ಚಿಸಿದವನು ನಾನು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಕತೆಯಲ್ಲಿ ಮಳೆಯನ್ನು ಬೈಯುವ ಅವಕಾಶ ಬಹಳ ಕಡೆ ಬರುತ್ತದೆ.

ಸಿದ್ದಾಪುರದ ಕಡೆಯ ಹೆಚ್ಚಿನ ಅಡಿಕೆ ತೋಟಗಳಂತೆ ನಮ್ಮದೂ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ಮೇಲೆ ಸೊಪ್ಪಿನ ಬೆಟ್ಟ, ಅದರ ಕೆಳಗೆ ಮನೆ, ಮನೆಯ ಕೆಳಗೆ ತೋಟ, ತೋಟದ ತುದಿಗೆ ಹಳ್ಳ. ಬೇಸಿಗೆಯಲ್ಲಿ ತಂಪಾಗಿರುವ ಈ ಜಾಗಕ್ಕೆ ಮಳೆಗಾಲದಲ್ಲಿ ಎರಡೂ ಗುಡ್ಡಗಳ ನೀರು ಇಳಿಯುತ್ತದೆ. ಅದಕ್ಕೇ ಹಿಂದಿನವರು ಎರಡು ಸಾಲು ಮರಗಳಿಗೆ ಒಂದರಂತೆ ಕಾಲುವೆ ತೆಗೆದು, ಎಲ್ಲವನ್ನೂ ನಡುವಿನ ದೊಡ್ಡ ಕಾಲುವೆಗೆ ಸೇರಿಸಿದ್ದರು. ಅದರಲ್ಲಿಳಿದು ನಿಂತರೆ ಸೊಂಟ ಮುಟ್ಟುವಷ್ಟು ಆಳ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಪ್ಪಯ್ಯ ಅದರ ಹೂಳು ತೆಗೆಸುತ್ತಿದ್ದ.

ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಮೇಲೆ ತೋಟದ ಲೆಕ್ಕ ನನ್ನ ಕೈಗೆ ಬಂತು. 2015 ಮತ್ತು 2016 ಬರದ ವರ್ಷಗಳು. ಬಾವಿಯ ತಳ ಕಾಣುತ್ತಿರುವಾಗ, ನೀರನ್ನು ಹೊರಗೆ ಕಳಿಸುವ ಕಾಲುವೆಗೆ ಕೂಲಿ ಕೊಡುವುದು ದಂಡ ಎನಿಸಿತು. ಒಂದು ವರ್ಷ ಹೂಳು ತೆಗೆಸಲಿಲ್ಲ. ಮರುವರ್ಷ, ಹೇಗೂ ಅರ್ಧ ತುಂಬಿದೆಯಲ್ಲ ಎಂದು ಪೂರ್ತಿ ಮುಚ್ಚಿಸಿ ಅದರ ಮೇಲೆ 40 ಅಡಿಕೆ ಸಸಿ ನೆಟ್ಟೆ. ಅಪ್ಪಯ್ಯ ದರೆಯ ಮೇಲೆ ನಿಂತು ನೋಡಿದ.

“ತಮಾ, ದೊಡ್ಡ ಮಳೆ ಬಂದ್ರೆ ನೀರು ಎಲ್ಲಿಗೆ ಹೋಗವು?”

“ಅಷ್ಟು ಮಳೆ ಈಗೆಲ್ಲಿ ಬತ್ತು?” ಎಂದೆ. ಅವನು ಮತ್ತೆ ಮಾತಾಡಲಿಲ್ಲ.

2018ರ ಮಳೆಗಾಲದಲ್ಲಿ ಅಲ್ಲಲ್ಲಿ ನೀರು ನಿಂತಿತು. ನೋಡಿಯೂ ನೋಡದವನಂತೆ ಇದ್ದೆ. 2019ರಲ್ಲಿ ಮುಂಗಾರು ತಡವಾಗಿ ಬಂತು. ಜೂನ್ ಕೊನೆಗೆ ಮೊದಲ ಮದ್ದು ಹೊಡೆಸಿ, ಈ ವರ್ಷ ಮಳೆಯೇ ಇಲ್ಲ ಎಂದು ಪೇಟೆಯಲ್ಲಿ ಮಾತಾಡಿಕೊಂಡು ಬಂದೆ. ಆಗಸ್ಟ್ ಮೊದಲ ವಾರ ಆಶ್ಲೇಷ ಮಳೆ ಹಿಡಿಯಿತು. ಹಗಲು ರಾತ್ರಿ ಒಂದೇ ಸಮನೆ ಹೊಯ್ದದ್ದು ಎಷ್ಟೆಂದರೆ, ಹೆಂಚಿನ ಮೇಲಿನ ಸದ್ದು ಕೇಳಿಸುವುದೇ ನಿಂತುಹೋಯಿತು. ಮೂರನೆಯ ದಿನ ಬೆಳಿಗ್ಗೆ ತೋಟಕ್ಕಿಳಿದರೆ ಮೊಣಕಾಲಿನವರೆಗೆ ನೀರು. ಅದರ ಮೇಲೆ ಹಸಿರು ಅಡಿಕೆಗಳು ತೇಲುತ್ತಿದ್ದವು.

ಕೊಳೆ ಬಂದಿತ್ತು. ಅಡಿಕೆಯ ತೊಟ್ಟಿನ ಬುಡದಲ್ಲಿ ನೀರು ಹಿಡಿದಂಥ ಕಲೆ, ಮೇಲೆ ಬಿಳಿ ಬೂಷ್ಟು, ಮುಟ್ಟಿದರೆ ಉದುರುತ್ತಿತ್ತು. ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಜೀವಿಗೆ ನೀರೇ ದಾರಿ. ಅದರ ಬೀಜಕಣಗಳಿಗೆ ಈಜುವ ಬಾಲವಿದೆ. ಮಳೆಹನಿ ಸಿಡಿದಲ್ಲೆಲ್ಲ ಅವೂ ಹೋಗುತ್ತವೆ. ಇದನ್ನೆಲ್ಲ ಓದಿಕೊಂಡಿದ್ದ ನಾನು ನೀರಲ್ಲಿ ನಿಂತು, ಬಿದ್ದ ಅಡಿಕೆಯನ್ನು ಬುಟ್ಟಿಗೆ ಹಾಕುತ್ತ ಲೆಕ್ಕ ಮಾಡುತ್ತಿದ್ದೆ. ಅಪ್ಪಯ್ಯ ಕಂಬಳಿಕೊಪ್ಪೆ ಹೊದ್ದು ಇಳಿದು ಬಂದ.

“ಬಿದ್ದಿದ್ದನ್ನ ಎಂತಕ್ಕೆ ಎಣಿಸ್ತೆ? ಮೊದ್ಲು ನೀರಿಗೆ ಹೋಪಲೆ ದಾರಿ ಮಾಡವು.”

ನಮ್ಮ ಕೊನೆಗಾರ, ಅವನ ತಮ್ಮ, ನಾನು, ಮೂವರು ಗುದ್ದಲಿ ಹಿಡಿದೆವು. ಹಳ್ಳದ ಕಡೆಯಿಂದ ಶುರುಮಾಡಿ ಮೇಲಕ್ಕೆ ಬರಬೇಕು ಎಂದ ಅಪ್ಪಯ್ಯ. ಮೇಲಿನಿಂದ ಅಗೆದರೆ ನೀರು ನಮ್ಮ ಹೊಂಡದಲ್ಲೇ ನಿಲ್ಲುತ್ತದೆ. ನಾನೇ ನೆಟ್ಟ ಸಸಿಗಳನ್ನು ನಾನೇ ಕಿತ್ತೆ. ಮಳೆಯಲ್ಲೇ ಆರು ದಿನ ಹಿಡಿಯಿತು. ಐದನೆಯ ದಿನ ಮಧ್ಯಾಹ್ನ ಒಂದು ಕಡೆ ಮಣ್ಣು ಕುಸಿದು ನೀರು ಸರಕ್ಕನೆ ಹಳ್ಳದತ್ತ ಹೊರಟಾಗ ಕೊನೆಗಾರ “ಹೋಯ್ತು ನೋಡಿ ಹೆಗಡೇರೆ” ಎಂದು ಕೂಗಿದ. ನನಗೆ ಸಂತೋಷ ಆಗಲಿಲ್ಲ. ನೀರಿಳಿದ ಮಣ್ಣಿನಿಂದ ಕೊಳೆತ ಬೇರಿನ ನಾತ ಏಳುತ್ತಿತ್ತು.

ಮಘೆಯ ನಡುವೆ ಎರಡು ದಿನ ಬಿಸಿಲು ಬಿತ್ತು. ಒದ್ದೆ ಮರ ಹತ್ತುವುದು ಜೀವದ ಜತೆ ಆಟ. ಮರ ಒಣಗುವವರೆಗೆ ಕಾದು ಎರಡನೆಯ ಮದ್ದು ಹೊಡೆಸಿದೆವು. ನಮ್ಮಲ್ಲಿ ಮದ್ದೆಂದರೆ ಬೋರ್ಡೊ ಮಿಶ್ರಣ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ನೋಡಲು ಅಪ್ಪಯ್ಯ ಅದರಲ್ಲಿ ಕತ್ತಿಯ ಅಲಗು ಅದ್ದುತ್ತಾನೆ. ಅಲಗಿಗೆ ಕೆಂಪು ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ. 1882ರಲ್ಲಿ ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ, ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬಳಿದಿದ್ದ ಈ ನೀಲಿ ಲೇಪ ರೋಗವನ್ನೂ ತಡೆದದ್ದು ಮಿಲಾರ್ಡೆ ಎಂಬ ವಿಜ್ಞಾನಿಯ ಕಣ್ಣಿಗೆ ಬಿತ್ತು. ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದರು. ಅಡಿಕೆಗೆ ಈ ಮದ್ದನ್ನು ಬಳಕೆಗೆ ತಂದವರೂ ಅವರೇ. ಅದಕ್ಕೂ ಮೊದಲು ಕರಡದ ಹುಲ್ಲಿನ ಕೊಟ್ಟೆ ಮಾಡಿ ಒಂದೊಂದು ಗೊನೆಗೂ ಟೊಪ್ಪಿಯಂತೆ ಕಟ್ಟುತ್ತಿದ್ದರು. ಮದ್ದಾಗಲಿ ಕೊಟ್ಟೆಯಾಗಲಿ ಮೇಲಿನ ಗೊನೆಯನ್ನು ಕಾಯುತ್ತದೆ. ಕೆಳಗೆ ನಿಂತ ನೀರಿಗೆ ಎರಡೂ ಏನೂ ಮಾಡುವುದಿಲ್ಲ.

ಅದು ಗೊತ್ತಾದದ್ದು ಮರುವರ್ಷ. ಕಾಲುವೆಯ ಆಚೀಚಿನ ಮರಗಳ ಸೋಗೆ ಹಳದಿಯಾಯಿತು. ಮರಕ್ಕೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿಗಳು ಸೊರಗಿ ಎಲೆ ಉದುರಿಸಿ, ಕಪ್ಪು ಹಗ್ಗದಂತೆ ನೇತಾಡಿದವು. ಹೆದರಿ ಗೊಬ್ಬರದ ಚೀಲ ತಂದಿಟ್ಟೆ. ಅಪ್ಪಯ್ಯ ಬಿಚ್ಚಲು ಬಿಡಲಿಲ್ಲ. ಒಂದು ಮರದ ಬುಡ ಕೆದಕಿ ಬೇರು ಎಳೆದು ತೋರಿಸಿದ. ಸಿಪ್ಪೆ ಕಳಚಿ ಬೆರಳಿಗೇ ಅಂಟಿಕೊಂಡಿತು. ಬೇರೇ ಇಲ್ಲದ ಮರಕ್ಕೆ ಗೊಬ್ಬರ ಉಣಿಸುವುದು ಹೇಗೆ?

ಆ ವರ್ಷ ನಾವು ಮಾಡಿದ್ದು ಕಡಿಮೆ. ಸಣ್ಣ ಕಾಲುವೆಗಳನ್ನೆಲ್ಲ ಬಿಡಿಸಿದೆವು. ಬೂಷ್ಟು ಹಿಡಿದ ಅಡಿಕೆ, ಸತ್ತ ಬಳ್ಳಿ ಹೊತ್ತು ಸುಟ್ಟೆವು. ಕಾಲುವೆಯಿಂದ ತೆಗೆದ ಮಣ್ಣನ್ನು ಬೇರು ತೋರಿದ ಮರಗಳ ಬುಡಕ್ಕೆ ಏರಿಸಿದೆವು. ಮತ್ತೆ ಕಾದೆವು. ಹೊಸ ಬಿಳಿ ಬೇರು ಕಂಡ ಮರಗಳಿಗೆ ಮಾತ್ರ ಬೆಟ್ಟದ ಸೊಪ್ಪು, ಕೊಟ್ಟಿಗೆ ಗೊಬ್ಬರ ಹಾಕಿದೆವು. 63 ಮರಗಳಲ್ಲಿ ಬೇರು ಬರಲೇ ಇಲ್ಲ. ಅವುಗಳಲ್ಲಿ ಬಹುಪಾಲು ಅಪ್ಪಯ್ಯ ಮದುವೆಯಾದ ವರ್ಷ ಆಯಿಯ ಜತೆ ನೀರು ಹೊತ್ತು ಬೆಳೆಸಿದವು. ಕಡಿಸುವ ದಿನ ಅವನು ತೋಟಕ್ಕೆ ಬರಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅದೇ ಜಾಗದಲ್ಲಿ, ಕಾಲುವೆಯಿಂದ ದೂರ ಬಿಟ್ಟು, ಹೊಸ ಸಸಿ ನೆಟ್ಟೆ. ಅಡಿಕೆ ಫಲ ಕೊಡಲು ಐದಾರು ವರ್ಷ ಬೇಕು. ನೆಡುವಾಗ ಅಪ್ಪಯ್ಯನಿಗೆ 78. ಇಬ್ಬರೂ ಮನಸ್ಸಿನಲ್ಲೇ ಕೂಡಿದೆವು, ಬಾಯಿಬಿಡಲಿಲ್ಲ.

ಈ ವರ್ಷ ಮೂರು ಸಸಿಗಳಲ್ಲಿ ಸಿಂಗಾರ ಒಡೆದಿದೆ. ಅವನಿಗೀಗ ತೋಟದ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಓಡಿಬಂದು ಜಗಲಿಯಲ್ಲಿ ಕೂತವನಿಗೆ ಸುದ್ದಿ ಹೇಳಿದೆ. ಮುಖ ಅರಳಿತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದ:

“ಕಾಲುವೆ ಹೂಳು ತೆಗೆಸಿದ್ಯ?”

ಕೆಳಗಿನ ಅರ್ಧ ಮುಗಿದಿತ್ತು. ಉಳಿದರ್ಧಕ್ಕೆ ಮರುದಿನ ಬೆಳಿಗ್ಗೆ ನಾನೇ ಇಳಿದೆ.